ಅಂಚಿನಿಂದ ಏಳು ನೂಲು: ಅಡುಗೆಮನೆ ಬಾಗಿಲಿಗೆ 23 ತೂತು

ಸಿಂಕ್ ಕೆಳಗಿನ ಬಾಗಿಲು ಒಂದು ಬೆಳಗ್ಗೆ ಅಮ್ಮನ ಕೈಗೇ ಬಂತು. ಪಾತ್ರೆ ಉಜ್ಜುವ ನಾರು ತೆಗೆಯೋಣ ಅಂತ ಎಳೆದಿದ್ದಾರೆ, ಬಾಗಿಲು ಹಿಂಜಸ್ ಸಮೇತ ಕಿತ್ತು ಬಂದು ಕಾಲ ಪಕ್ಕ ಬಿದ್ದಿದೆ. ಕಾಲ ಮೇಲೆ ಬೀಳಲಿಲ್ಲ, ಸದ್ಯ. "ಇದು ಮೂರನೇದು ಕಣೋ. ಇನ್ನೂ ಎಷ್ಟಕ್ಕೆ ಅಂತ ದಾರ ಕಟ್ಟಲಿ?" ಅಂದರು. ಪಕ್ಕದ ಬಾಗಿಲಿಗೆ ಹೂ ಕಟ್ಟುವ ಬಾಳೆನಾರು ಸುತ್ತಿ ಅವರು ಆಗಲೇ ಹೇಗೋ ನಿಲ್ಲಿಸಿದ್ದರು.

ನಮ್ಮದು ಮೈಸೂರು ಕುವೆಂಪುನಗರದ ಹಳೇ ಮನೆ. ಅಡುಗೆಕಟ್ಟೆ ಕೆಳಗಿನ ಪೆಟ್ಟಿಗೆಗಳನ್ನು 2012ರಲ್ಲಿ ಆಚಾರ್ರು ಮನೆಯಲ್ಲೇ ಕೂತು ಪ್ಲೈವುಡ್‌ನಲ್ಲಿ ಮಾಡಿದ್ದರು. ಅವು ಇವತ್ತಿಗೂ ಗಟ್ಟಿಯಾಗಿವೆ. ಬಾಗಿಲು ಮಾತ್ರ ದುಡ್ಡು ಉಳಿಸೋಣ ಅಂತ ನಾನೇ ರೆಡಿಮೇಡ್ ತಂದಿದ್ದೆ. ಪಾರ್ಟಿಕಲ್ ಬೋರ್ಡ್. ಮರದ ಪುಡಿಗೆ ಅಂಟು ಸೇರಿಸಿ ಒತ್ತಿದ ಹಲಗೆ. ನೀರು ಕುಡಿದರೆ ನೆನೆಸಿದ ಅವಲಕ್ಕಿ ಥರ ಉಬ್ಬುತ್ತೆ. ಉಬ್ಬಿದ ಮೇಲೆ ಸ್ಕ್ರೂ ಹಿಡಿಯಲ್ಲ. ಬಿದ್ದ ಬಾಗಿಲಿನ ತೂತಿಗೆ ಬೆರಳು ಹಾಕಿದರೆ ಪುಡಿ ಪುಡಿಯಾಗಿ ಉದುರಿತು.

ಆಚಾರ್ರಿಗೆ ಫೋನ್ ಮಾಡಿದೆ. ಆಷಾಢ ನಡೀತಿತ್ತು. ಶ್ರಾವಣಕ್ಕೆ ಸಾಲು ಸಾಲು ಗೃಹಪ್ರವೇಶ ಒಪ್ಪಿಕೊಂಡಿದ್ದಾರೆ, ಉಸಿರು ಬಿಡಕ್ಕೂ ಪುರುಸೊತ್ತಿಲ್ಲ. "ಗೌರಿ ಹಬ್ಬ ಕಳೀಲಿ ಸ್ವಾಮಿ, ಬತ್ತೀನಿ" ಅಂದರು. ಅಲ್ಲಿವರೆಗೆ ಅಮ್ಮ ಬಾಳೆನಾರು ಸುತ್ತುತ್ತಾ ಇರಬೇಕು. "ಬಾಗಿಲು ಕಟ್ ಮಾಡಿಸಿ ತರ್ತೀನಿ, ಹಿಂಜಸ್ ತೂತು ನಾನೇ ಹೊಡೀತೀನಿ ಆಚಾರ್ರೇ" ಅಂದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಹೊಡೀರಿ, ಹೊಡೀರಿ. ಅಂಚಿಂದ ಏಳು ನೂಲು ಬಿಟ್ಟು ಸೆಂಟ್ರು ಹಾಕಿ. ಅಷ್ಟೇಯ" ಅಂದು ಫೋನ್ ಇಟ್ಟರು.

ಏಳು ನೂಲು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಒಂದು ಇಂಚಿಗೆ ಎಂಟು ನೂಲು. ಒಂದು ನೂಲು ಅಂದರೆ 3.175 ಮಿ.ಮೀ. ಇನ್ನು ಹಿಂಜಸ್: ಒಂದು ತುದಿಯ ದುಂಡು ಬಟ್ಟಲು ಬಾಗಿಲಿನ ಬೆನ್ನಿನ ತೂತಿನಲ್ಲಿ ಕೂರುತ್ತೆ, ಇನ್ನೊಂದು ತುದಿಯ ತೋಳು ಪೆಟ್ಟಿಗೆಗೆ ಬಿಗಿದ ಪ್ಲೇಟಿಗೆ ಸಿಕ್ಕಿಕೊಳ್ಳುತ್ತೆ. ಈ ಬಟ್ಟಲು ಹಿಂಜಸ್‌ಗೆ ಕಂಪನಿಯವರ ಚೀಟಿಯಲ್ಲಿ ಇರುವುದೆಲ್ಲ ಮಿಲಿಮೀಟರ್ ಲೆಕ್ಕ. ಬಟ್ಟಲಿನ ತೂತು 35 ಮಿ.ಮೀ. ಅಗಲ. ಬಾಗಿಲಿನ ಅಂಚಿಗೂ ತೂತಿಗೂ ನಡುವೆ 3ರಿಂದ 6 ಮಿ.ಮೀ. ಮರ ಉಳಿಯಬೇಕು. 5 ಉಳಿಸಿದರೆ, ಅದಕ್ಕೆ 35ರ ಅರ್ಧ 17.5 ಸೇರಿಸಿ, ಸೆಂಟರ್ ಅಂಚಿನಿಂದ 22.5ಕ್ಕೆ ಬರುತ್ತೆ. ಈಗ ಏಳು ನೂಲನ್ನು ಗುಣಿಸಿ ನೋಡಿ: 22.2 ಮಿ.ಮೀ. ಪೆನ್ಸಿಲ್ ಗೀಟಿನಷ್ಟೇ ವ್ಯತ್ಯಾಸ! ಅಷ್ಟೇ ಅಲ್ಲ, 35 ಮಿ.ಮೀ. ಅಂದರೆ ಹೆಚ್ಚುಕಮ್ಮಿ ಸರಿಯಾಗಿ ಹನ್ನೊಂದು ನೂಲು. ಯುರೋಪಿನವರು ಮಿಲಿಮೀಟರ್‌ನಲ್ಲಿ ಮಾಡಿದ ಹಿಂಜಸ್ ನಮ್ಮ ಆಚಾರ್ರ ಕೈಗೆ ಹೇಗೆ ಒಗ್ಗಿತು ಅನ್ನುವುದು ನನಗೆ ಅವತ್ತು ಕ್ಯಾಲ್ಕುಲೇಟರ್ ಹಿಡಿದಾಗ ಗೊತ್ತಾಯಿತು.

ಒಟ್ಟು ಬಾಗಿಲು 11. ಕಟ್ಟೆ ಕೆಳಗೆ ಆರು, ಮೇಲಿನ ಕಪಾಟಿಗೆ ನಾಲ್ಕು, ದಿನಸಿ ಇಡುವ ಉದ್ದನೆಯದು ಒಂದು. ಸಣ್ಣವಕ್ಕೆ ಎರಡೆರಡು ಹಿಂಜಸ್ ಸಾಕು. ಉದ್ದನೆಯದು 1500 ಮಿ.ಮೀ., ಅದಕ್ಕೆ ಮೂರು. ಒಟ್ಟು 23 ತೂತು.

ಪ್ಲೈವುಡ್ ವಿಷಯದಲ್ಲಿ ಈ ಸಲ ಚೌಕಾಸಿ ಮಾಡಲಿಲ್ಲ. ಐಎಸ್ 710 (ನೀರು ತಡೆಯುವ ಪ್ಲೈವುಡ್‌ಗೆ ಇರುವ ಭಾರತೀಯ ಮಾನದಂಡ) ಮುದ್ರೆ ಇರುವ 18 ಮಿ.ಮೀ. ಹಲಗೆಯನ್ನೇ ಕೇಳಿದೆ. ಅದನ್ನು 72 ಗಂಟೆ ಕುದಿಯುವ ನೀರಲ್ಲಿ ಹಾಕಿದರೂ ಪದರ ಬಿಡಬಾರದು ಅನ್ನುವುದು ನಿಯಮ. ನಮ್ಮ ಸಿಂಕ್ ಅಷ್ಟು ಕಷ್ಟ ಕೊಡುವುದಿಲ್ಲ, ಆದರೂ ಇರಲಿ. ಹೊರಗೆ 1 ಮಿ.ಮೀ. ಮೈಕಾ, ಒಳಗೆ 0.8 ಮಿ.ಮೀ. ಬಿಳಿ ಮೈಕಾ. ಅಂಚಿಗೆ ಪಟ್ಟಿ. ಕಟ್ ಮಾಡಿ, ಮೈಕಾ ಒತ್ತಿ, ಪಟ್ಟಿ ಅಂಟಿಸುವುದೆಲ್ಲ ಅಂಗಡಿಯಲ್ಲೇ ಆಯಿತು. ಪಟ್ಟಿ ಬಗ್ಗೆ ಒಂದು ಮಾತು: ನಿಮ್ಮ 22.5 ಯಾವಾಗಲೂ ಪಟ್ಟಿ ಅಂಟಿಸಿದ ಮೇಲಿನ ಅಂಚಿನಿಂದ. ಬರೀ ಪ್ಲೈ ಇದ್ದಾಗಲೇ ಗುರುತು ಹಾಕಿ ಕೂತರೆ ಆಮೇಲೆ ಪಟ್ಟಿಯ ದಪ್ಪದಷ್ಟು ಬಾಗಿಲು ಸರಿಯುತ್ತೆ.

ಹಿಂಜಸ್ ತರಲು ಸಂತೇಪೇಟೆಗೆ ಹೋದೆ. ಸೋನೆ ಮಳೆ, ಒಂದು ಕೈಯಲ್ಲಿ ಛತ್ರಿ. ಅಂಗಡಿ ಹುಡುಗ, "ಜೀರೋನಾ ಎಂಟಾ ಸಾರ್?" ಅಂದ. ನನಗೆ ಅರ್ಥ ಆಗಲಿಲ್ಲ. ಗೊತ್ತಿಲ್ಲ ಅನ್ನುವುದಕ್ಕೆ ಏನೋ ನಾಚಿಕೆ. "ಜೀರೋನೇ ಕೊಡಪ್ಪ" ಅಂತ 24 ಕಟ್ಟಿಸಿಕೊಂಡು ಬಂದೆ.

ಮನೆಗೆ ಬಂದು ಹಳೇ ಹಿಂಜಸ್ ಪಕ್ಕ ಇಟ್ಟು ನೋಡಿದೆ. ಕೆಲವಕ್ಕೆ ತೋಳು ನೇರ. ಇನ್ನು ಕೆಲವಕ್ಕೆ ತೋಳಿನ ಕುತ್ತಿಗೆ ಹತ್ತಿರ ಬಾಗು. ಆ ಬಾಗನ್ನೇ ಕ್ರಾಂಕ್ ಅನ್ನುವುದು. ಜೀರೋ ಕ್ರಾಂಕ್ ಹಾಕಿದರೆ ಬಾಗಿಲು ಪೆಟ್ಟಿಗೆಯ ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುತ್ತೆ. ಎಂಟು ಕ್ರಾಂಕ್ ಅರ್ಧ ಮುಚ್ಚುತ್ತೆ. ಹದಿನೈದು, ಹದಿನಾರು ಅಂತ ಇನ್ನೊಂದಿದೆ, ಅದರಲ್ಲಿ ಬಾಗಿಲು ಚೌಕಟ್ಟಿನ ಒಳಗೇ ಕೂರುತ್ತೆ, ನಮಗೆ ಬೇಡ. ಅರ್ಧ ಯಾಕೆ ಬೇಕು ಅಂದರೆ, ನಮ್ಮ ಆಚಾರ್ರು ಎರಡು ಪೆಟ್ಟಿಗೆಗೆ ನಡುವೆ ಒಂದೇ ಹಲಗೆ ಹಾಕಿದ್ದಾರೆ. ಆ ಹಲಗೆ ಮೈಕಾ ಸೇರಿ 19 ಮಿ.ಮೀ. ಚಿಲ್ಲರೆ. ಎಡಗಡೆ ಬಾಗಿಲೂ ಅದರ ಮೇಲೆ ಬರಬೇಕು, ಬಲಗಡೆಯದೂ ಬರಬೇಕು, ಮಧ್ಯೆ ಒಂದು ನೂಲು ಸಂದು ಇರಬೇಕು. ಅಂದರೆ ಒಂದೊಂದಕ್ಕೆ ಸಿಗುವುದು ಎಂಟು ಮಿ.ಮೀ. ಜೀರೋ ಹಾಕಿದರೆ ಎರಡು ಬಾಗಿಲು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಮುಚ್ಚುವುದೇ ಇಲ್ಲ.

ಒಂದು ಕಾಗದದಲ್ಲಿ ಹನ್ನೊಂದೂ ಬಾಗಿಲು ಬರೆದು ಎಣಿಸಿದೆ. ಕೊನೆ ಹಲಗೆಗೆ ಕೂರುವವು: ಕೆಳಗೆ ಎರಡು, ಮೇಲೆ ಎರಡು, ಉದ್ದನೆಯದು ಒಂದು. 11 ಜೀರೋ. ನಡುವಿನ ಹಲಗೆಗೆ ಕೂರುವವು: ಕೆಳಗೆ ನಾಲ್ಕು, ಮೇಲೆ ಎರಡು. 12 ಎಂಟು. ಮತ್ತೆ ಛತ್ರಿ, ಮತ್ತೆ ಸಂತೇಪೇಟೆ. ಹುಡುಗ ನಗಲಿಲ್ಲ. ಸುಮ್ನೆ 12 ವಾಪಸ್ ತಗೊಂಡು 12 ಬದಲಿಸಿ ಕೊಟ್ಟ. ಅಷ್ಟರಲ್ಲೇ ಗೊತ್ತಾಯಿತು, ದಿನಾ ನನ್ನಂಥವರು ನಾಲ್ಕು ಜನ ಬರುತ್ತಾರೆ ಅಂತ.

ತೂತು ಹೊಡೆಯುವ ಬಿಟ್ ಕೂಡ ಅಲ್ಲೇ ತಗೊಂಡೆ. ಇದು ಸಾಮಾನ್ಯ ಡ್ರಿಲ್ ಬಿಟ್ ಅಲ್ಲ. ದುಂಡನೆ ತಟ್ಟೆ, ಸುತ್ತ ಬಳೆಯಂಥ ಚೂಪು ಅಂಚು, ನಡುವೆ ಸಣ್ಣ ಮೊನೆ. ಫಾರ್ಸ್ಟ್‌ನರ್ ಬಿಟ್ ಅನ್ನುತ್ತಾರೆ. ಬೆಂಜಮಿನ್ ಫಾರ್ಸ್ಟ್‌ನರ್ ಅನ್ನುವವರು ಅಮೆರಿಕದಲ್ಲಿ 1874ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡರು. ಅವರ ಜಾಣತನ ಇರುವುದು ಆ ಬಳೆಯಲ್ಲಿ. ಮಿಕ್ಕ ಬಿಟ್‌ಗಳಿಗೆ ನಡುವಿನ ಮೊನೆ ದಾರಿ ತೋರಿಸುತ್ತೆ, ಇದಕ್ಕೆ ಸುತ್ತಲಿನ ಬಳೆಯೇ ದಾರಿ. ಅದಕ್ಕೇ ತೂತಿನ ತಳ ಸಪಾಟಾಗಿ ಬರುತ್ತೆ, ಬಟ್ಟಲು ಚೊಕ್ಕಟವಾಗಿ ಕೂರುತ್ತೆ. ಈ ಬಳೆಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಉಳಿಸಿದ್ದು ಅದೇ.

ಮೊದಲು ಅಗ್ಗದ ಸ್ಟೀಲ್ ಬಿಟ್ ತಂದಿದ್ದೆ. ಉಳಿದ ಪ್ಲೈ ತುಂಡಿನ ಮೇಲೆ ಪ್ರಯೋಗ ಮಾಡಿದೆ. ಮೊದಲ ಮೂರು ತೂತು ಬೆಣ್ಣೆ. ನಾಲ್ಕನೆಯದಕ್ಕೆ ಕೀರಲು ದನಿ, ಐದನೆಯದಕ್ಕೆ ಹೊಗೆ. ತೂತಿನ ಗೋಡೆ ಕಾಫಿ ಬಣ್ಣಕ್ಕೆ ತಿರುಗಿತ್ತು. ಅಡುಗೆಮನೆಯಿಂದ "ಏನೋ ಸೀದ ವಾಸನೆ" ಅಂತ ಕೂಗು. ಮೈಕಾ ಮತ್ತು ಪ್ಲೈ ಒಳಗಿನ ಅಂಟಿನ ಪದರ, ಎರಡೂ ಸಾದಾ ಸ್ಟೀಲಿನ ಹರಿತವನ್ನು ಬೇಗ ತಿಂದುಬಿಡುತ್ತವೆ. ಕಾರ್ಬೈಡ್ ತುದಿಯ ಬಿಟ್ ತಂದೆ. 23 ತೂತು ಹೊಡೆದ ಮೇಲೂ ಅದರ ಹರಿತ ಹಾಗೇ ಇದೆ. ಎರಡು ಸಲ ದುಡ್ಡು ಕೊಡುವ ಬದಲು ಮೊದಲೇ ಅದನ್ನೇ ತಗೊಳ್ಳಿ.

ಆ ಪ್ರಯೋಗದ ತುಂಡು ಇನ್ನೊಂದು ಪಾಠವನ್ನೂ ಕಲಿಸಿತು. ಟೇಪು ಹಿಡಿದು, ಪೆನ್ಸಿಲ್‌ನಲ್ಲಿ 22.5 ಗುರುತು ಹಾಕಿ, ದಬ್ಬಳದಿಂದ ಚುಚ್ಚಿ, ಕೈಯಲ್ಲೇ ಡ್ರಿಲ್ ಹಿಡಿದು ಐದು ತೂತು ಹೊಡೆದಿದ್ದೆನಲ್ಲ, ಅವುಗಳ ಅಂಚಿನಲ್ಲಿ ಉಳಿದ ಮರ ಅಳೆದರೆ ಒಂದು 4, ಒಂದು 6, ಒಂದು 5.5, ಹೀಗೆ. 35 ಮಿ.ಮೀ. ಬಿಟ್ ಮೈಕಾ ಮೇಲೆ ಕೂತ ತಕ್ಷಣ ಒಂದು ಸಲ ಕುಣಿಯುತ್ತೆ. ಕೈ ಎಷ್ಟು ಗಟ್ಟಿ ಇದ್ದರೂ ಅಷ್ಟೇ. ತೂತು ಒಂದು ಮಿ.ಮೀ. ಒಳಗೆ ಹೋದರೆ ಬಾಗಿಲು ಪೆಟ್ಟಿಗೆ ಮೇಲೆ ಒಂದು ಮಿ.ಮೀ. ಜಾಸ್ತಿ ಸರಿಯುತ್ತೆ. ಹಿಂಜಸ್‌ನಲ್ಲಿ ಸ್ಕ್ರೂ ತಿರುಗಿಸಿ ಒಂದೆರಡು ಮಿ.ಮೀ. ಸರಿಮಾಡಬಹುದು, ಹೌದು. ಆದರೆ ಆ ಸ್ಕ್ರೂ ಇರುವುದು ಗೋಡೆ ಸೊಟ್ಟ, ಹಲಗೆ ಸೊಟ್ಟ, ನೆಲ ಸೊಟ್ಟ ಇದ್ದಾಗ ಬೇಕು ಅಂತ. ನಮ್ಮ ತೂತಿನ ಸೊಟ್ಟಕ್ಕೇ ಅದನ್ನೆಲ್ಲ ಖರ್ಚು ಮಾಡಿದರೆ ಮನೆಯ ಸೊಟ್ಟಕ್ಕೆ ಏನು ಉಳಿಯುತ್ತೆ?

ಹಾಗಾಗಿ ಜಿಗ್ ಮಾಡಿದೆ, ಅಂದರೆ ಬಿಟ್ ಆಚೀಚೆ ಹೋಗದ ಹಾಗೆ ಹಿಡಿಯುವ ಅಚ್ಚು. 18 ಮಿ.ಮೀ. ಪ್ಲೈ ತುಂಡು, ಅದರಲ್ಲಿ 35ರ ಒಂದು ತೂತು, ಒಂದು ಬದಿಗೆ ಬಾಗಿಲಿನ ಅಂಚಿಗೆ ಒರಗಿ ನಿಲ್ಲುವ ಪಟ್ಟಿ. ಪಟ್ಟಿಯಿಂದ ತೂತಿನ ನಡುವಿಗೆ 22.5. ಬಾಗಿಲಿಗೆ ಒರಗಿಸಿ, ಎರಡು ಸಿ-ಕ್ಲಾಂಪ್ ಬಿಗಿದರೆ ಆಯಿತು. ಬಿಟ್‌ನ ಬಳೆ ಈ ತೂತಿನ ಗೋಡೆ ಹಿಡಿದೇ ಇಳಿಯುತ್ತೆ, ಕುಣಿಯಲು ಜಾಗವೇ ಇಲ್ಲ. ಆದರೆ ಜಿಗ್‌ನ ತೂತೇ ಸೊಟ್ಟ ಆದರೆ 23 ತೂತೂ ಸೊಟ್ಟ. ಅದನ್ನು ಮಾತ್ರ ಕೈಯಲ್ಲಿ ಹೊಡೆಯುವ ಧೈರ್ಯ ಆಗಲಿಲ್ಲ. ಇಂಡಸ್ಟ್ರಿಯಲ್ ಸಬರ್ಬ್‌ನಲ್ಲಿ ಒಂದು ಲೇತ್ ಅಂಗಡಿಗೆ ಹೋಗಿ, ಅವರ ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್‌ನಲ್ಲಿ ಹೊಡೆಸಿದೆ. ಕಬ್ಬಿಣದ ಮಧ್ಯೆ ಪ್ಲೈ ತುಂಡು ಹಿಡಿದು ನಿಂತ ನನ್ನನ್ನು ಅಲ್ಲಿನವರು ವಿಚಿತ್ರವಾಗಿ ನೋಡಿದರು. ಐದು ನಿಮಿಷದ ಕೆಲಸ. ದುಡ್ಡು ಬೇಡ ಅಂದರು, ಟೀ ಕುಡಿಸಿ ಬಂದೆ. ಅಳತೆಯನ್ನು ಹೊಂದಿಸಿದ್ದು ಮನೆಗೆ ಬಂದ ಮೇಲೆ: ತೂತು ಮೊದಲು, ಪಟ್ಟಿ ಆಮೇಲೆ. ತೂತಿನ ಅಂಚಿನಿಂದ ಪಟ್ಟಿಗೆ ಸರಿಯಾಗಿ 5 ಮಿ.ಮೀ. ಬರುವವರೆಗೆ ಪಟ್ಟಿಯನ್ನು ಆಡಿಸಿ, ಮೂಲೆಮಟ್ಟ ಹಿಡಿದು, ಸ್ಕ್ರೂ ಹಾಕಿದೆ. ಹೀಗೆ ಮಾಡಿದರೆ ಸೆಂಟರ್ ಅಳೆಯುವ ತಲೆನೋವೇ ಇಲ್ಲ.

ಬಾಗಿಲುಗಳನ್ನು ಹಾಲ್‌ನಲ್ಲಿ ಗೋಡೆಗೆ ಒರಗಿಸಿ, ಹಿಂದಿನ ಬಿಳಿ ಮೈಕಾ ಮೇಲೆ ಮಗಳ ಕೈಲಿ ಸ್ಕೆಚ್ ಪೆನ್‌ನಿಂದ ಬರೆಸಿದೆ: ನಂಬರು, ಮೇಲಕ್ಕೆ ಬಾಣ, ಹಿಂಜಸ್ ಯಾವ ಕಡೆ. ಇದನ್ನು ತಮಾಷೆ ಅಂದುಕೊಳ್ಳಬೇಡಿ. ಬಾಗಿಲನ್ನು ಮಗುಚಿ ಹಾಕಿ ಕೆಲಸ ಮಾಡುವಾಗ ಎಡ ಬಲ ಅದಲು ಬದಲಾಗುತ್ತೆ. ಎಡಕ್ಕೆ ತೆರೆಯುವ ಜೋಡಿ ಬಾಗಿಲು ಎರಡು ಮಾಡಿಟ್ಟವರನ್ನು ನಾನು ಕಂಡಿದ್ದೇನೆ.

ಎತ್ತರದ ಲೆಕ್ಕದಲ್ಲಿ ಒಂದು ಸೂಕ್ಷ್ಮ ಇತ್ತು. ಮೇಲಿಂದ 100, ಕೆಳಗಿಂದ 100 ಮಿ.ಮೀ.ಗೆ ತೂತು ಅಂತ ಮೊದಲು ಬರೆದುಕೊಂಡಿದ್ದೆ. ಅಷ್ಟರಲ್ಲಿ ಸಿಂಕ್ ಪೆಟ್ಟಿಗೆಗೂ ಒಲೆ ಕೆಳಗಿನ ಪೆಟ್ಟಿಗೆಗೂ ನಡುವಿನ ಹಲಗೆಯಲ್ಲಿ ಹಳೇ ಪ್ಲೇಟ್ ಬಿಚ್ಚಿದೆ. ಮಗಳು ಆ ಕಡೆಯಿಂದ ಮೊಬೈಲ್ ಟಾರ್ಚ್ ಹಿಡಿದಿದ್ದಳು. ಸ್ಕ್ರೂ ತೂತಿನೊಳಗಿಂದ ಬೆಳಕು ನೇರ ನನ್ನ ಕಣ್ಣಿಗೆ ಬಂತು. ಆಗ ಅರ್ಥವಾಯಿತು, ಈ ಹಲಗೆಯ ಪ್ಲೇಟುಗಳು ಯಾಕೆ ಯಾವಾಗಲೂ ಸಡಿಲ ಆಗುತ್ತಿದ್ದವು ಅಂತ. ಎರಡೂ ಬಾಗಿಲಿನ ಪ್ಲೇಟು ಒಂದೇ ಎತ್ತರಕ್ಕೆ, ಬೆನ್ನಿಗೆ ಬೆನ್ನು. ಎರಡೂ ಕಡೆಯಿಂದ 16 ಮಿ.ಮೀ. ಸ್ಕ್ರೂ. ಹಲಗೆ ಇರುವುದೇ 19 ಚಿಲ್ಲರೆ. ಈ ಕಡೆಯದನ್ನು ಬಿಗಿದಾಗಲೆಲ್ಲ ಆ ಕಡೆಯದನ್ನು ತಳ್ಳುತ್ತಿತ್ತು. ಹದಿಮೂರು ವರ್ಷ ಎರಡು ಸ್ಕ್ರೂಗಳು ಒಂದೇ ತೂತಿನಲ್ಲಿ ಅತ್ತೆ ಸೊಸೆ ಥರ ಇದ್ದವು.

ಪ್ಲೇಟಿನ ಎರಡು ಸ್ಕ್ರೂಗಳ ನಡುವೆ 32 ಮಿ.ಮೀ. ಅಂತರ. ಅದರ ಅರ್ಧ 16. ಒಂದು ಕಡೆಯ ಬಾಗಿಲಿನ ತೂತು 100ಕ್ಕೆ, ಇನ್ನೊಂದು ಕಡೆಯದು 116ಕ್ಕೆ ಹಾಕಿದರೆ ಒಂದರ ಸ್ಕ್ರೂ ಇನ್ನೊಂದರ ಎರಡು ಸ್ಕ್ರೂಗಳ ನಡುವೆ ಬೀಳುತ್ತೆ. ಮುಖಾಮುಖಿ ಇಲ್ಲ. ಹಾಗೇ ಮಾಡಿದೆ. ಬಾಗಿಲು ಮುಚ್ಚಿದರೆ ಹೊರಗಿಂದ ಏನೂ ಕಾಣಲ್ಲ. ಹಳೇ ತೂತುಗಳಿಗೆ ಊದುಬತ್ತಿ ಕಡ್ಡಿ ಮತ್ತು ಫೆವಿಕಾಲ್ ತುಂಬಿದೆ. ಬೆಂಕಿಕಡ್ಡಿಗಿಂತ ಊದುಬತ್ತಿಯ ಬಿದಿರು ಗಟ್ಟಿ. ಮೈಸೂರಲ್ಲಿ ಅದಕ್ಕೇನು ಬರ, ದೇವರ ಮನೆ ಡಬ್ಬಿಯಲ್ಲಿ ಉರಿದು ಉಳಿದ ಕಡ್ಡಿ ಒಂದು ಹಿಡಿ ಸಿಕ್ಕಿತು.

ತೂತು ಹೊಡೆಯುವುದು. ಡ್ರಿಲ್‌ನಲ್ಲಿ ಗೋಡೆ ಕುಟ್ಟುವ ಹ್ಯಾಮರ್ ಗುಂಡಿ ಆಫ್. ವೇಗ ಕಡಿಮೆ. ಮೈಕಾ ದಾಟುವವರೆಗೆ ಭಾರ ಹಾಕದೆ, ಸುಮ್ನೆ ಬಿಟ್‌ನ ತೂಕ ಮಾತ್ರ. ಬಳೆ ಮೈಕಾ ಮೇಲೆ ಚೊಕ್ಕಟ ವೃತ್ತ ಕೊರೆದುಕೊಂಡ ಮೇಲೆ ಒತ್ತಬಹುದು. ಮೂರು ನಾಲ್ಕು ಮಿ.ಮೀ. ಇಳಿದಾಗೆಲ್ಲ ಎತ್ತಿ ಪುಡಿ ಊದಬೇಕು, ಇಲ್ಲದಿದ್ದರೆ ಬಿಸಿ. ಪ್ಲೈ ಪುಡಿ ಮೂಗಿಗೆ ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಳ್ಳಿ. ಕೋವಿಡ್ ಕಾಲದ್ದು ಎಲ್ಲರ ಮನೆಯಲ್ಲೂ ಉಳಿದಿರುತ್ತೆ ಅಲ್ವಾ.

ಆಳ 12.5 ಬೇಕಿತ್ತು. ಬಿಟ್‌ನ ಕಾಂಡಕ್ಕೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿ ಗುರುತು ಮಾಡಿಕೊಂಡಿದ್ದೆ. ಟೇಪ್ ಜಿಗ್‌ನ ಮಟ್ಟಕ್ಕೆ ಬಂದರೆ ನಿಲ್ಲಿಸುವುದು. ಮೂರು ಬಾಗಿಲು ಸಲೀಸಾಗಿ ಆಯಿತು. ನಾಲ್ಕನೆಯದರ ಎರಡನೇ ತೂತು. ಒತ್ತುತ್ತಿದ್ದೇನೆ, ಟೇಪ್ ಇನ್ನೂ ಮೇಲೇ ಕಾಣುತ್ತಿದೆ. ಇನ್ನೂ ಒತ್ತಿದೆ. ಪುಡಿಯ ಬಣ್ಣ ಬದಲಾಯಿತು. ತಿಳಿ ಕಂದು ಇದ್ದದ್ದು ಗಾಢವಾಯಿತು, ಮೈಕಾದ ಬೆನ್ನಿನ ಬಣ್ಣ. ಎದೆ ಧಸಕ್ಕೆಂದಿತು. ಡ್ರಿಲ್ ನಿಲ್ಲಿಸಿ ನೋಡಿದರೆ, ಕಾಂಡ ಬಿಸಿಯಾಗಿ ಟೇಪಿನ ಅಂಟು ಕರಗಿದೆ, ಟೇಪ್ ಮೇಲಕ್ಕೆ ಸರಿದು ಚಕ್ಕಿನ (ಡ್ರಿಲ್ ಬಿಟ್ಟನ್ನು ಕಚ್ಚಿ ಹಿಡಿಯುವ ಬಾಯಿ) ಹತ್ತಿರ ಮುದುಡಿ ಕೂತಿದೆ.

ಬಾಗಿಲು ಮಗುಚಿದೆ. ಹೊರಗಿನ ತೇಗದ ಬಣ್ಣದ ಮೈಕಾ ಮೇಲೆ ಒಂದು ಮೊಡವೆ. ಸಾಸಿವೆ ಕಾಳಿನಷ್ಟು. ಒಡೆದಿಲ್ಲ, ಉಬ್ಬಿದೆ ಅಷ್ಟೇ. ಲೆಕ್ಕ ಹಾಕಿ: ಬಾಗಿಲು ಒಟ್ಟು 19.8 ಮಿ.ಮೀ. 12.5 ಆಳಕ್ಕೆ ಬಿಟ್ ನಿಂತರೂ ಅದರ ಮೊನೆ ಇನ್ನೂ 3 ಮಿ.ಮೀ. ಮುಂದೆ ಇರುತ್ತೆ. ಉಳಿಯುವುದು ನಾಲ್ಕು ಚಿಲ್ಲರೆ. ಆ ನಾಲ್ಕನ್ನು ನಾನು ತಿಂದುಹಾಕಿದ್ದೆ. ಸ್ವಲ್ಪ ಹೊತ್ತು ಸುಮ್ಮನೆ ನೆಲದ ಮೇಲೆ ಕೂತೆ. ಅಮ್ಮ ಕಾಫಿ ಕೊಟ್ಟರು, ಏನೂ ಕೇಳಲಿಲ್ಲ.

ಆವತ್ತಿಗೆ ಡ್ರಿಲ್ ಎತ್ತಿಟ್ಟೆ. ರಾತ್ರಿ ಊಟ ಆದ ಮೇಲೆ ತಾರಸಿಯಲ್ಲಿ ಬಿದ್ದಿದ್ದ 40 ಮಿ.ಮೀ. ಪಿವಿಸಿ ಪೈಪ್ ತುಂಡು ನೆನಪಾಯಿತು. ಅದರ ಒಳಗೆ 35ರ ಬಿಟ್ ಆರಾಮಾಗಿ ಹೋಗುತ್ತೆ, ಆದರೆ ಚಕ್ಕು ಹೋಗುವುದಿಲ್ಲ. ಬಿಟ್‌ಗೆ ತೋಳು ತೊಡಿಸಿದ ಹಾಗೆ ಪೈಪನ್ನು ಹಾಕಿದರೆ, ಪೈಪಿನ ಒಂದು ತುದಿ ಜಿಗ್ ಮೇಲೆ ಕೂರುತ್ತೆ, ಇನ್ನೊಂದು ತುದಿಗೆ ಚಕ್ಕು ಬಂದು ಮುಟ್ಟುತ್ತೆ. ಮುಟ್ಟಿದ ಮೇಲೆ ಇಳಿಯಲು ಸಾಧ್ಯವೇ ಇಲ್ಲ. ಬಳೆಯ ಅಂಚಿನಿಂದ ಚಕ್ಕಿನ ಮೂತಿಗೆ 62 ಮಿ.ಮೀ. ಇತ್ತು. ಜಿಗ್ 18, ಆಳ 12.5, ಸೇರಿ 30.5. ಕಳೆದರೆ 31.5. ಅಷ್ಟುದ್ದಕ್ಕೆ ಪೈಪ್ ಕುಯ್ದು, ಉಪ್ಪುಕಾಗದದಲ್ಲಿ ತುದಿ ನೇರ ಮಾಡಿ, ಪುಡಿ ಹೊರಗೆ ಬರಲು ಎರಡು ಕಿಟಕಿ ಕತ್ತರಿಸಿದೆ. ಬಿಟ್ ಅನ್ನು ಚಕ್ಕಿನಿಂದ ಬಿಚ್ಚಿ ಮತ್ತೆ ಹಾಕಿದರೆ ಮಾತ್ರ ಆ 62 ಮತ್ತೆ ಅಳೆಯಬೇಕು. ಅದೊಂದು ಮರೆಯಬಾರದು.

ಇನ್ನೊಂದು ಕೆಲಸವನ್ನೂ ಮಾಡಿದೆ. ಮರುದಿನ ಅದೇ ಲೇತ್ ಅಂಗಡಿಗೆ ಹೋಗಿ ಬಿಟ್‌ನ ಮೊನೆಯನ್ನು ಗ್ರೈಂಡರ್‌ಗೆ ಕೊಟ್ಟು ಅರ್ಧ ಮಾಡಿಸಿದೆ. ಜಿಗ್‌ನಲ್ಲಿ ಬಳೆ ದಾರಿ ತೋರಿಸುವಾಗ ಮೊನೆಗೆ ಕೆಲಸ ಏನು? ಫಾರ್ಸ್ಟ್‌ನರ್ ಅವರ ಬಳೆಗೆ ಅವತ್ತು ಮನಸ್ಸಿನಲ್ಲೇ ಕೈ ಮುಗಿದೆ. ಜಿಗ್ ಇಲ್ಲದೆ ಕೆಲಸ ಮಾಡುವವರು ಮಾತ್ರ ಮೊನೆಯನ್ನು ಮುಟ್ಟಬೇಡಿ.

ಉಳಿದ 15 ತೂತು ಒಂದು ಬೆಳಗ್ಗೆ ಮುಗಿದವು. ಮಧ್ಯೆ ಒಂದೂವರೆ ಗಂಟೆ ಕರೆಂಟ್ ಇರಲಿಲ್ಲ, ಅದನ್ನು ಬಿಟ್ಟರೆ ಹೇಳುವಂಥದ್ದೇನೂ ಇಲ್ಲ. ಚಕ್ಕು ಪೈಪಿಗೆ ತಾಗಿದಾಗ 'ಜರ್' ಅಂತ ಸದ್ದು. ಮಗಳು ಆ ಸದ್ದು ಕೇಳಿ "ಮುಂದಿನದು" ಅನ್ನುತ್ತಿದ್ದಳು.

ಬಟ್ಟಲು ಕೂರಿಸುವಾಗ ಅವಸರ ಬೇಡ. ದುಂಡು ತೂತಿನಲ್ಲಿ ದುಂಡು ಬಟ್ಟಲು ಯಾವ ಕಡೆಗೆ ಬೇಕಾದರೂ ತಿರುಗುತ್ತೆ. ತೋಳು ಬಾಗಿಲಿನ ಅಂಚಿಗೆ ಸರಿಯಾಗಿ ಮೂಲೆಮಟ್ಟಕ್ಕೆ ಬಂದ ಮೇಲೇ ಸ್ಕ್ರೂ. ಸ್ಕ್ರೂಗೆ ಮುಂಚೆ 2.5 ಮಿ.ಮೀ. ಬಿಟ್‌ನಲ್ಲಿ ಸಣ್ಣ ತೂತು ಹೊಡೆದುಕೊಳ್ಳಿ, ನೇರ ಬಿಗಿದರೆ ಮೈಕಾ ಸೀಳುತ್ತೆ. ಕೊನೆಯ ಬಿಗಿ ಕೈಯಲ್ಲಿ. ಮಷಿನ್‌ನಲ್ಲಿ ಬಿಗಿದರೆ ಪ್ಲೈನಲ್ಲೂ ಸ್ಕ್ರೂ ಸುಮ್ಮನೆ ಸುತ್ತಲು ಶುರುಮಾಡಬಹುದು.

ಪೆಟ್ಟಿಗೆ ಕಡೆಯ ಪ್ಲೇಟಿಗೆ ಚೀಟಿಯಲ್ಲಿ ಇದ್ದದ್ದು ಮುಂದಿನ ಅಂಚಿನಿಂದ 37 ಮಿ.ಮೀ. ಆಚಾರ್ರು ಇದಕ್ಕೆ ಒಂದೂವರೆ ಇಂಚು ಅನ್ನುತ್ತಾರೆ, ಅಂದರೆ 38. ಆ ಒಂದು ಮಿ.ಮೀ. ಇಲ್ಲಿ ಪರವಾಗಿಲ್ಲ, ಹಿಂದೆ ಮುಂದೆ ಸರಿಸುವ ಸ್ಕ್ರೂನಲ್ಲಿ ಮುಚ್ಚಿಹೋಗುತ್ತೆ. 37ಕ್ಕೆ ರಟ್ಟಿನ ಮಾದರಿ ಮಾಡಿಕೊಂಡು ಎಲ್ಲದಕ್ಕೂ ಅದನ್ನೇ ಹಿಡಿದೆ.

ಬಾಗಿಲು ತೂಗುಹಾಕುವುದು ಇಬ್ಬರ ಕೆಲಸ. ಉದ್ದನೆಯದನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಒಂಬತ್ತು ಕೆಜಿ ತೋರಿಸಿತು. ಕೆಳಗೆ ಎರಡು ಹಳೇ ಪಂಚಾಂಗ ಇಟ್ಟು ಎತ್ತರ ಹೊಂದಿಸಿ, ಮೊದಲು ಮೇಲಿನ ಹಿಂಜಸ್ ಸಿಕ್ಕಿಸಿದೆವು. ಮೇಲಿನದು ಭಾರ ಹೊತ್ತ ಮೇಲೆ ಉಳಿದೆರಡು ತಾನಾಗಿ ಬಂದವು. ಆಮೇಲೆ ಸ್ಟಾರ್ ಸ್ಕ್ರೂಡ್ರೈವರ್ ಹಿಡಿದು ಸಾಲು ನೇರ ಮಾಡುವುದು. ಮುಂದಿನ ಸ್ಕ್ರೂ ಬಾಗಿಲನ್ನು ಎಡ ಬಲಕ್ಕೆ, ಹಿಂದಿನದು ಒಳಗೆ ಹೊರಗೆ, ಪ್ಲೇಟಿನ ಸ್ಕ್ರೂ ಸಡಿಲಿಸಿದರೆ ಮೇಲೆ ಕೆಳಗೆ. ಒಂದು ತುದಿಯ ಬಾಗಿಲಿನಿಂದ ಶುರುಮಾಡಿ ಸಾಲಾಗಿ ಹೋಗಿ. ನಡುವಿನಿಂದ ಶುರುಮಾಡಿ ನಾನು ಮುಕ್ಕಾಲು ಗಂಟೆ ಹಾಳುಮಾಡಿಕೊಂಡೆ. ಒಂದನ್ನು ಸರಿಮಾಡಿದರೆ ಪಕ್ಕದ್ದು ಮುನಿಸಿಕೊಳ್ಳುತ್ತಿತ್ತು.

ಮೊಡವೆಯ ಬಾಗಿಲು ಎಡ ತುದಿಯ ಪೆಟ್ಟಿಗೆಯದು, ಎಲ್ಲರ ಕಣ್ಣಿಗೆ ಬೀಳುವ ಜಾಗ. ಬಲ ತುದಿಯಲ್ಲಿ ಅಷ್ಟೇ ಅಳತೆಯ ಇನ್ನೊಂದಿದೆ, ಫ್ರಿಜ್ ಮರೆಯಲ್ಲಿ. ಆದರೆ ಒಂದಕ್ಕೆ ಹಿಂಜಸ್ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಮೇಲಿಂದಲೂ 100, ಕೆಳಗಿಂದಲೂ 100. ತಲೆಕೆಳಗು ಮಾಡಿದರೆ ಎಡದ್ದು ಬಲಕ್ಕೆ ಬಂತು! ಎರಡೂ ಬಾಗಿಲನ್ನು ತಲೆಕೆಳಗು ಮಾಡಿ ಅದಲು ಬದಲು ಹಾಕಿದೆ. 116ಕ್ಕೆ ಹಾಕಿದ ಬಾಗಿಲಾಗಿದ್ದರೆ ಈ ಆಟ ನಡೆಯುತ್ತಿರಲಿಲ್ಲ. ಎರಡು ದಿನ ಆದ ಮೇಲೆ ಒರೆಸುತ್ತಾ ಅಮ್ಮ, "ಇಲ್ಲೇನೋ ಕೈಗೆ ಸಿಗ್ತದಲ್ಲೋ" ಅಂದರು. ಬೆರಳಿಗೆ ಸಿಕ್ಕಿದೆ, ಕಣ್ಣಿಗೆ ಸಿಕ್ಕಿಲ್ಲ.

ಭಾನುವಾರ ಚಾಮುಂಡಿಪುರಂ ಕಡೆ ಕೆಲಸಕ್ಕೆ ಬಂದಿದ್ದ ಆಚಾರ್ರು ಇತ್ತ ಬಂದರು. ಕಾಫಿ ಕುಡಿಯುವ ಮುಂಚೆಯೇ ಹನ್ನೊಂದೂ ಬಾಗಿಲು ತೆಗೆದು ಹಾಕಿ ನೋಡಿದರು. ಸಂದಿನಲ್ಲಿ ಉಗುರು ಆಡಿಸಿದರು. ಬಟ್ಟಲಿನ ಪಕ್ಕ ಉಳಿದ ಮರಕ್ಕೆ ಮಡಿಸುವ ಅಳತೆಪಟ್ಟಿ ಹಿಡಿದರು. "ಏಳು ನೂಲೇ ಹಾಕಿದೀರಿ" ಅಂದರು. 22.5 ಅಂತ ಬಾಯಿಗೆ ಬಂದಿತ್ತು, ಸುಮ್ಮನಾದೆ. 16 ಮಿ.ಮೀ. ಮೇಲೆ ಕೆಳಗೆ ಮಾಡಿದ ಪ್ಲೇಟು ನೋಡಿದಾಗ ಮಾತ್ರ ಸ್ವಲ್ಪ ಹೊತ್ತು ನಿಂತರು. ಹಲಗೆಯ ಆ ಕಡೆ ಬಗ್ಗಿ ನೋಡಿದರು, ಈ ಕಡೆ ನೋಡಿದರು. "ಇದ್ನ ನಾನು ಆಗ್ಲೇ ಮಾಡ್ಬೇಕಿತ್ತು ಸ್ವಾಮಿ" ಅಂದರು.

ಉದ್ದನೆಯ ಬಾಗಿಲು ಒಂದು ವಾರಕ್ಕೆ ಅರ್ಧ ಮಿ.ಮೀ. ಇಳಿಯಿತು. ಮೇಲಿನ ಪ್ಲೇಟನ್ನು ಇನ್ನೊಂದು ಸುತ್ತು ಬಿಗಿದ ಮೇಲೆ ನಿಂತಿದೆ. ಒಂದು ಜೀರೋ ಕ್ರಾಂಕ್ ಉಳಿದಿದೆ. ಅದು, ಜಿಗ್, ಪೈಪ್ ತುಂಡು ಮೂರನ್ನೂ ಹಳೇ ಬಿಸ್ಕತ್ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟಿದ್ದೇನೆ. ಜಿಗ್ ಮೇಲೆ ಮಾರ್ಕರ್‌ನಲ್ಲಿ ಬರೆದಿದೆ: "22.5. ಆಳ 12.5. ಪೈಪ್ ಇಲ್ಲದೆ ಮುಟ್ಟಬೇಡ." ಕೆಳಗೆ ಮಗಳು ಒಂದು ಸಣ್ಣ ಮೊಡವೆ ಬಿಡಿಸಿದ್ದಾಳೆ.